ಮಸ್ಕತ್ತಿನಲ್ಲಿ ಬೈ ಟು ಬರ್ಗರ್

ಮಸ್ಕತ್ತಿನ ಕಡಲ ದಂಡೆಯ ಹೋಟೆಲಿನಲ್ಲಿ ಕುಳಿತೇ ಬರೆಯುತ್ತಿದ್ದೇನೆ, ಬೆರಳಿಗಿನ್ನೂ ಸಾಸ್ ಅಂಟಿದೆ! ಎದುರಿಗಿರುವವನು ಅರಕಲಗೂಡಿನ ಶಿವಲಿಂಗ, ಹೊಳೆನರಸೀಪುರದ ಕಾಲೇಜಿನಲ್ಲಿ ನನ್ನದೇ ಬೆಂಚಿನವನು. ಇಲ್ಲಿನ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಬರ್ಗರ್ ಮುಟ್ಟಿಲ್ಲವಂತೆ.

“ಒಂದಕ್ಕೆ ಎರಡೂವರೆ ರಿಯಾಲ್ ಕಣ್ಲಾ! ಆ ದುಡ್ಡಲ್ಲಿ ಹಾಸನದಲ್ಲಿ ಮನೆಮಂದಿಗೆಲ್ಲಾ ಮಸಾಲೆ ದೋಸೆ ತಿನ್ನಿಸ್ಬೋದು,” ಎಂದು ಎದ್ದೇಬಿಟ್ಟ.

ನಾನು ಬಿಡಲಿಲ್ಲ. “ಕುಂತ್ಕಳ್ಲಾ, ಬೈ ಟು ತಗಳ್ಳಾನ.”

ಊರಿನಲ್ಲಿ ಒಂದು ಕಾಫಿಯನ್ನು ಎರಡು ಲೋಟ ಮಾಡಿಸಿ ಕುಡಿದವರಲ್ಲವೇ ನಾವು! ಬಡಿಸುವ ಫಿಲಿಪೈನ್ಸಿನ ಹುಡುಗಿಗೆ ಮಾತ್ರ ಅದು ಅರ್ಥವಾಗಲಿಲ್ಲ. ಅಂಗೈಯನ್ನೇ ಚಾಕು ಮಾಡಿ ಗಾಳಿಯನ್ನು ಕೊಯ್ದು ತೋರಿಸಿದೆ. ನಗುತ್ತಾ ಒಳಗೆ ಹೋದವಳು ಎರಡು ತಟ್ಟೆ ತಂದಳು. ಒಂದೊಂದರಲ್ಲೂ ಅರ್ಧರ್ಧ ತರಕಾರಿ ಬರ್ಗರ್, ಆಲೂಗಡ್ಡೆ ಚಿಪ್ಸ್ ಮಾತ್ರ ಎರಡರಲ್ಲೂ ಪೂರ್ತಿ ರಾಶಿ!

ಶಿವಲಿಂಗ ತನ್ನ ಪಾಲನ್ನು ತಿಂದು ಮುಗಿಸಿದ. ತಟ್ಟೆಗೆ ಉದುರಿದ ಎಳ್ಳನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿಕೊಂಡ.

“ಎಂಗೈತ್ಲಾ?” ಎಂದೆ.

“ಅಷ್ಟು ದುಡ್ಡಿಗೆ ಇದು ದಂಡ ಕಣ್ಲಾ,” ಎಂದವನೇ ಹುಡುಗಿಯತ್ತ ಕೈಯೆತ್ತಿ, ನನ್ನ ಹಾಗೆಯೇ ಗಾಳಿಯನ್ನು ಕೊಯ್ದ. “ಒನ್ ಮೋರ್! ಬೈ ಟು!”