ಪಾರ್ಟ್ ಟೂನಲ್ಲಿ ಕೇಳಿಸದ ಸದ್ದು

ಕಳೆದ ಬುಧವಾರ ದೇಶದೇಶಗಳ ಜನರೆಲ್ಲ ಸೇರಿರುವ ಒಂದು ಆನ್‌ಲೈನ್ ಗುಂಪಿನಲ್ಲಿ ನನ್ನ ಮಾನ ಹೋಯಿತು. ಕಾರಣ ಒಂದು ವಿಡಿಯೋ ಗೇಮ್.

(ಮೂವತ್ತು ದಾಟಿದ ಹೆಂಗಸು ಗೇಮ್ ಆಡ್ತಾಳಾ ಅಂತ ಹುಬ್ಬೇರಿಸಬೇಡಿ. ಸೋಫಾದ ಮೇಲೆ ಕಾಲು ಚಾಚಿ ರಮ್ಮಿ ಆಡುತ್ತಿರುವ ನಿಮ್ಮ ಯಜಮಾನರ ಫೋನ್ ಒಮ್ಮೆ ಇಣುಕಿ ನೋಡಿ. ಆಮೇಲೆ ಮಾತಾಡೋಣ.)

ಗೇಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ, ಈಗಾಗಲೇ ಬಂದಿದ್ದಾರೆ. ಕಥೆ ಇಷ್ಟೇ. ಒಂದು ಪಾಳುಬಿದ್ದ ಊರು. ಅದರೊಳಗೆ ಇಬ್ಬರು ಹುಡುಗಿಯರು. ಒಬ್ಬಳ ಕೈಯಲ್ಲಿ ದೀಪ, ಇನ್ನೊಬ್ಬಳ ಕೈಯಲ್ಲಿ ಬೀಗದ ಕೈ. ದೀಪ ಇಲ್ಲದೆ ಬಾಗಿಲು ಕಾಣುವುದಿಲ್ಲ, ಬೀಗದ ಕೈ ಇಲ್ಲದೆ ಬಾಗಿಲು ತೆಗೆಯುವುದಿಲ್ಲ. ಒಬ್ಬಳು ಬಿದ್ದರೆ ಇನ್ನೊಬ್ಬಳು ಬಂದು ಎಬ್ಬಿಸಬೇಕು. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಆಟ.

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಆಗಷ್ಟೇ ಶುರುವಾಗಿದ್ದ ಕಾಲ. ನಾವಿದ್ದದ್ದು ದೊಡ್ಡಬಳ್ಳಾಪುರದಲ್ಲಿ. ಮನೆಯ ಮುಂದಿನ ಅರ್ಧದಲ್ಲಿ ನಾವು, ಹಿಂದಿನ ಅರ್ಧದಲ್ಲಿ ಅಪ್ಪನ ಪವರ್‌ಲೂಮ್ ಮಗ್ಗಗಳು. ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡಲು ಅಪ್ಪ ಒಂದು ಕಂಪ್ಯೂಟರ್ ತಂದಿಟ್ಟಿದ್ದರು. ಡಿಸೈನ್ ಸಾಫ್ಟ್‌ವೇರ್ ಹಾಕಿಕೊಡಲು ಬಂದವನು ಯಾವುದೋ ಸಿಡಿಯಿಂದ ಈ ಗೇಮನ್ನೂ ಹಾಕಿ ಹೋಗಿದ್ದ. ಅಪ್ಪ ಊಟಕ್ಕೆ ಎದ್ದರೆ ಸಾಕು, ಆ ಕುರ್ಚಿಯಲ್ಲಿ ನಾನೂ ಅಕ್ಕನೂ ಅರ್ಧರ್ಧ ಕೂತುಬಿಡುತ್ತಿದ್ದೆವು. ಎಡಗಡೆಯ ಅಕ್ಷರಗಳು ಅಕ್ಕನಿಗೆ, ಬಲಗಡೆಯ ಬಾಣದ ಗುರುತುಗಳು ನನಗೆ. ದೀಪ ಅವಳದು, ಬೀಗದ ಕೈ ನನ್ನದು.

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಮಗ್ಗ ಓಡುವಾಗ ಮಾತು ಕೇಳಿಸುವುದಿಲ್ಲ. ಒಂದೋ ಕಿರುಚಬೇಕು, ಇಲ್ಲ ಕೈಸನ್ನೆ ಮಾಡಬೇಕು. ನಾವು ಸನ್ನೆಯಲ್ಲೇ ಆಡಿದವರು. ಅಂಗೈ ಅಡ್ಡ ಹಿಡಿದರೆ ನಿಲ್ಲು. ಎರಡು ಬೆರಳು ನಡೆಸಿದರೆ ಮುಂದೆ ಹೋಗು. ಹೆಬ್ಬೆರಳು, ತೋರುಬೆರಳು ಸೇರಿಸಿ ಪಟ್ಟನೆ ಬಿಡಿಸಿದರೆ, ಎಳೆ ಕಿತ್ತಿದೆ, ಬಂದು ಗಂಟು ಹಾಕು ಅಂತ. ಅದು ನೇಯುವವರ ಸನ್ನೆ. ನಮ್ಮ ಗೇಮಿನಲ್ಲಿ ಅದಕ್ಕೆ ಅರ್ಥ, ನಾನು ಬಿದ್ದಿದ್ದೀನಿ, ಬಂದು ಎಬ್ಬಿಸು.

ಆ ಗೇಮಿಗೆ ಪಾರ್ಟ್ ಟೂ ಬಂತು ಎಂದು ಸುದ್ದಿಯಾದಾಗ ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ನಿಮಗೆ ಗೊತ್ತೇ ಇದೆ, ನಾನಿರುವುದು ದೇವನಹಳ್ಳಿಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ. ಒಬ್ಬಳೇ. ಕೆಲಸ ಏರ್‌ಪೋರ್ಟಿನ ಕಾರ್ಗೋ ಆಫೀಸಿನಲ್ಲಿ, ವಾರದ ರಜ ಬುಧವಾರ. ಬುಧವಾರ ರಜ ಇರುವವರಿಗೆ ಲೋಕದಲ್ಲಿ ಗೆಳೆಯರಿರುವುದಿಲ್ಲ. ಎಲ್ಲರೂ ಆಫೀಸಿನಲ್ಲಿರುತ್ತಾರೆ. ಮೇಲೆ ವಿಮಾನ, ಕೆಳಗೆ ನಾನು, ಮಧ್ಯೆ ಒಂದು ಬಟ್ಟೆ ಒಣಗಿಸುವ ಹಗ್ಗ.

ಅಕ್ಕನಿಗೇ ಫೋನ್ ಮಾಡಿದೆ. ಅವಳನ್ನು ಕೊಟ್ಟಿರುವುದು ಸೂಲಿಬೆಲೆಗೆ. ಮನೆ ತುಂಬ ಸೀಮೆಹಸು, ಡೇರಿಗೆ ಹಾಲು.

"ಅಕ್ಕಾ, ನಮ್ ಗೇಮ್ ಪಾರ್ಟ್ ಟೂ ಬಂದೈತೆ ಕಣೇ! ಬುಧವಾರ ಬಾ, ಆಡೋಣ."

"ಬುಧವಾರಾನಾ? ನಮ್ ಹಸುಗಳಿಗೆ ಬುಧವಾರ ಭಾನುವಾರ ಅಂತ ಏನಾದ್ರೂ ಇದ್ಯೇನೇ? ನೀನ್ ಆಡು. ಹೆಂಗಿತ್ತು ಅಂತ ಆಮೇಲ್ ಹೇಳು."

ಹಾಗಾಗಿ ಒಬ್ಬಳೇ ಕೂತೆ. ಬೆಳಿಗ್ಗೆಯೇ ಅಡುಗೆ ಮುಗಿಸಿ, ಬಾಗಿಲು ಹಾಕಿ, ಹೊಸ ಹೆಡ್‌ಫೋನ್ ಏರಿಸಿಕೊಂಡು. ಮದುವೆ ಮನೆಗೆ ಹೊರಟವಳ ಹಾಗೆ ತಲೆಗೆ ಸ್ನಾನ ಬೇರೆ ಮಾಡಿದ್ದೆ. (ನಗಬೇಡಿ. ಹದಿನೈದು ವರ್ಷದ ಹತ್ತಿರ ಕಾದಿದ್ದೇನೆ.)

ಏನು ಹೇಳಲಿ? ಚೆನ್ನಾಗಿದೆ. ಕಲ್ಲಿನ ಮೇಲಿನ ಪಾಚಿ ಕೂಡ ಕಾಣುತ್ತದೆ. ಆದರೆ ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವುದನ್ನು ತೆಗೆದುಹಾಕಿದ್ದಾರೆ. ದೀಪದ ಹುಡುಗಿಯನ್ನು ಈಗ ಕಂಪ್ಯೂಟರೇ ಆಡುತ್ತದೆ. ಅವಳು ತಪ್ಪೇ ಮಾಡುವುದಿಲ್ಲ. ನಾನು ಎಲ್ಲಿ ನಿಂತರೆ ಅಲ್ಲಿ ಬೆಳಕು ಹಿಡಿಯುತ್ತಾಳೆ. ನನ್ನ ಅಕ್ಕ ಹಾಗಲ್ಲ. ದೀಪ ಹಿಡಿದುಕೊಂಡು ಯಾವುದೋ ಬಾವಿ ಇಣುಕಲು ಹೋಗಿ ನನ್ನನ್ನು ಕತ್ತಲಲ್ಲಿ ಬಿಟ್ಟುಬಿಡುತ್ತಿದ್ದಳು. ನಾನು ತೋಳಿಗೆ ಗುದ್ದುತ್ತಿದ್ದೆ, ಅವಳು ಜಡೆ ಎಳೆಯುತ್ತಿದ್ದಳು, ಅಷ್ಟರಲ್ಲಿ ಇಬ್ಬರೂ ಸತ್ತಿರುತ್ತಿದ್ದೆವು. ಈ ಹೊಸ ಹುಡುಗಿ ಗಳಿಗೆಗೊಮ್ಮೆ 'ನಾನಿಲ್ಲೇ ಇದ್ದೀನಿ' ಎನ್ನುತ್ತಾಳೆ. ಅವಳು ಹಾಗೆಂದಾಗಲೆಲ್ಲ ಮನೆಯಲ್ಲಿ ಯಾರೂ ಇಲ್ಲ ಎಂಬುದು ಇನ್ನಷ್ಟು ಗೊತ್ತಾಗುತ್ತಿತ್ತು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಹಳೆಯ ಗೇಮಿನಲ್ಲಿ ಒಂದು ತಾಳ ಇತ್ತು. ಕಲ್ಲಿನ ಸೇತುವೆ ದಾಟುವಾಗ ಎದೆಯೊಳಗೇ ಬಡಿಯುವಂಥ ಧಡಕ್ ಧಡಕ್. ಪಾರ್ಟ್ ಟೂನಲ್ಲಿ ಅದೇ ಸೇತುವೆ, ಆದರೆ ತಾಳ ಇಲ್ಲ. ಬರೀ ಗಾಳಿ, ಒಂದು ಕೊಳಲು. ಅಷ್ಟು ವರ್ಷ ಕಾಯಿಸಿ ಕೊಡುವುದು ಕೊಳಲಾ?

ಕೋಪ ಬಂತು. ಅಭಿಮಾನಿಗಳ ಗುಂಪಿಗೆ ಹೋಗಿ ಉದ್ದಕ್ಕೆ ಬರೆದೆ. ಅಲ್ಲಿ ಆಗಲೇ ಎಲ್ಲರೂ ಗೋಳಾಡುತ್ತಿದ್ದರು, ನನ್ನದೂ ಒಂದು ಸೇರಿತು. ಇಬ್ಬರ ಆಟವನ್ನು ಕೊಂದಿರಿ ಎಂದದ್ದಕ್ಕೆ ಲೈಕುಗಳು ಬಂದವು. ಆಮೇಲೆ ಬರೆದೆ: 'ಮೊದಲ ಗೇಮಿನ ಜೀವವೇ ಆ ಬೀಟ್. ಅದನ್ನೇ ತೆಗೆದಿದ್ದೀರಲ್ಲ, ನಿಮಗೆ ಕಿವಿ ಇಲ್ಲವೇ?'

ಒಬ್ಬ ಕೇಳಿದ, ಯಾವ ಬೀಟ್? ಇನ್ನೊಬ್ಬ ಕೇಳಿದ, ಯಾವ ಬೀಟ್? ಮತ್ತೊಬ್ಬ ನನ್ನ ಪರವಾಗಿ, ಇವರ ದೇಶದಲ್ಲಿ ಬೇರೆ ಎಡಿಷನ್ ಬಂದಿರಬೇಕು ಎಂದ. ಒಬ್ಬನಂತೂ ಆ ವಿಶೇಷ ಎಡಿಷನ್ ತನಗೆ ಮಾರುತ್ತೀರಾ ಎಂದು ಕೇಳಿದ!

ಬಿಡುತ್ತೇನೆಯೇ? ಹಳೆಯ ಗೇಮನ್ನೇ ಹುಡುಕಿ ಲ್ಯಾಪ್‌ಟಾಪಿಗೆ ಹಾಕಿದೆ. ಸೇತುವೆಯವರೆಗೆ ಆಡಿ, ಸದ್ದು ರೆಕಾರ್ಡ್ ಮಾಡಿ, ಇವರ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡೆ. ಸೇತುವೆ ಬಂತು.

ಗಾಳಿ. ಕೊಳಲು.

ವಾಲ್ಯೂಮ್ ಏರಿಸಿದೆ. ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡೆ, ಇನ್ನೊಮ್ಮೆ ಶುರುವಿನಿಂದ ಆಡಿದೆ. ಅದೇ ಗಾಳಿ, ಅದೇ ಕೊಳಲು. ಪಾರ್ಟ್ ಟೂ ಕೈ ಕೊಟ್ಟಿತೆಂದು ಪಾರ್ಟ್ ಒನ್ನಿನ ಹತ್ತಿರ ಓಡಿಹೋದರೆ ಅದೂ ನನಗೆ ಗುರುತಿಲ್ಲದ ಯಾವುದೋ ಗೇಮಿನ ಹಾಗೆ ಕೂತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಲ್ಲದ್ದನ್ನು ನೆನಪಿಟ್ಟುಕೊಂಡಿದ್ದೇನೆಯೇ? ಒಂಟಿಯಾಗಿದ್ದು ತಲೆ ಕೆಟ್ಟಿತೇ?

ಸಾಯಂಕಾಲ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಎಷ್ಟು ನಕ್ಕಳೆಂದರೆ ಆ ಕಡೆ ಹಸುಗಳೂ ಗಾಬರಿಯಾಗಿ ಕೂಗಿದವು.

"ಅಯ್ಯೋ ಪೆದ್ದೇ! ಅದು ಮಗ್ಗ ಕಣೇ!"

"ಮಗ್ಗದ್ ಸದ್ದು ನಂಗ್ ಗೊತ್ತಿಲ್ವೇನೇ? ಇದು ಗೇಮ್ ಒಳಗಿಂದ ಬರ್ತಿತ್ತು."

"ಒಳಗಿಂದ ಹೆಂಗ್ ಬರ್ತದೆ? ಆ ಕಂಪ್ಯೂಟ್ರಿಗೆ ಸ್ಪೀಕರ್ರೇ ಇರ್ಲಿಲ್ವಲ್ಲೇ! ಡಿಸೈನ್ ಮಾಡಕ್ಕೆ ಸ್ಪೀಕರ್ ಯಾಕೆ ಅಂತ ಅಪ್ಪ ಬೈದಿದ್ದು ಮರ್ತ್‌ಬಿಟ್ಟ್ಯಾ?"

ಹೌದು. ಸ್ಪೀಕರೇ ಇರಲಿಲ್ಲ. ಆ ಗೇಮಿಗೊಂದು ಸದ್ದಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮಗ್ಗದ ಊರಿನವರ ಕಿವಿಗೆ ಮಗ್ಗದ ಸದ್ದು ಬೀಳುವುದೇ ಇಲ್ಲ. ಕರೆಂಟ್ ಹೋಗಿ ಮಗ್ಗ ನಿಂತಾಗ ಮಾತ್ರ, ಏನೋ ಆಯಿತಲ್ಲ ಎಂದು ಎಚ್ಚರಗೊಳ್ಳುತ್ತೇವೆ. ನಿದ್ದೆಯಲ್ಲೂ ಹಾಗೇ. ಲಾಳಿಯ ಆ ಹೊಡೆತವನ್ನೇ ನಾನು ಇಷ್ಟು ವರ್ಷ ಸೇತುವೆಯ ಸಂಗೀತ ಎಂದು ಜೋಪಾನ ಮಾಡಿದ್ದೆ.

ಈಗ ಆ ಮಗ್ಗಗಳಿಲ್ಲ. ಅಪ್ಪ ಮಾರಿಬಿಟ್ಟರು. ಹಿಂದಿನ ಶೆಡ್ಡಿನಲ್ಲಿ ಯಾವುದೋ ಪಾರ್ಸೆಲ್ ಗೋಡೌನ್ ಇದೆ. ಅಪ್ಪ ಮಾತ್ರ ಇಂದಿಗೂ ಮಗ್ಗ ಓಡುತ್ತಿದೆ ಎನ್ನುವ ಹಾಗೇ ಕಿರುಚಿ ಮಾತಾಡುತ್ತಾರೆ. ಅವರ ಫೋನ್ ಬಂದರೆ ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ.

ಗೇಮ್ ಕಂಪನಿಯವರನ್ನು ಬೈದದ್ದು ತಪ್ಪಾಯಿತೇ? ಅರ್ಧ ತಪ್ಪು. ಇಬ್ಬರ ಆಟ ತೆಗೆದದ್ದು ಅವರದೇ ಕರ್ಮ, ಅದಕ್ಕೆ ಬೈಗುಳ ಸಲ್ಲಬೇಕು. ಆದರೆ ಉಳಿದದ್ದು? ಗೇಮಿನ ಡಬ್ಬದಲ್ಲಿ ಯಾವತ್ತೂ ಇರದಿದ್ದ ಒಂದು ಸದ್ದು, ಒಂದು ಅರ್ಧ ಕುರ್ಚಿ, ಜಡೆ ಎಳೆಯುವ ಒಂದು ಕೈ. ಪಾರ್ಟ್ ಟೂ ಬಂದಾಗಲೆಲ್ಲ ನಾವು ಹೀಗೇ ಬೇರೇನನ್ನೋ ಕೇಳುತ್ತಿರುತ್ತೇವೆಯೇ? ಗುಂಪಿನಲ್ಲಿ ಗೋಳಾಡುತ್ತಿದ್ದ ಆ ಉಳಿದವರ ಪಕ್ಕದಲ್ಲಿ ಆಗ ಯಾರು ಕೂತಿದ್ದರೋ!

ದೇವನಹಳ್ಳಿಯಿಂದ ಸೂಲಿಬೆಲೆ ಎಷ್ಟು ದೂರ, ಹೋಗಬಾರದಾ ಎಂದು ನೀವು ಕೇಳುತ್ತೀರಿ. ಹೋಗುತ್ತೇನೆ. ಹೋದಾಗ ಅಕ್ಕ ನನ್ನನ್ನು ನಡುಮನೆಯಲ್ಲಿ ಕೂರಿಸಿ ಫ್ಯಾನ್ ಹಾಕುತ್ತಾಳೆ. ಅವಳ ಅತ್ತೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಬಡಿಸಿದ್ದು ಸಾಕೆಂದರೂ ಇನ್ನೊಂದು ಸೌಟು ಬೀಳುತ್ತದೆ. ಹೊರಡುವಾಗ ಅರಿಶಿನ ಕುಂಕುಮ, ಒಂದು ಬ್ಲೌಸ್ ಪೀಸ್. ಎಲ್ಲ ಚೆನ್ನಾಗಿಯೇ ಇರುತ್ತದೆ, ಪಾಚಿ ಕಾಣುವಷ್ಟು ಚೆನ್ನಾಗಿ. ಆದರೆ ನಾನಲ್ಲಿ ನೆಂಟಳು.

ಅವತ್ತು ನಕ್ಕು ಸಾಕಾದ ಮೇಲೆ ಅಕ್ಕನೇ ವಿಡಿಯೋ ಕಾಲ್ ಮಾಡಿದಳು. ಹಾಲು ಕರೆಯುವ ಮೆಷಿನ್ ಹಾಕಿದ್ದಳು, ಫೋನನ್ನು ಕೊಟ್ಟಿಗೆಯ ಕಿಟಕಿಗೆ ಒರಗಿಸಿದ್ದಳು. ನಾನು ಏನೇನೋ ಹೇಳಿದೆ. ಮೆಷಿನ್ನಿನ ಸದ್ದಿಗೆ ಒಂದೂ ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಒದ್ದೆ ಕೈ ಎತ್ತಿ, ಹೆಬ್ಬೆರಳು, ತೋರುಬೆರಳು ಸೇರಿಸಿ ಪಟ್ಟನೆ ಬಿಡಿಸಿದಳು.

ಎಳೆ ಕಿತ್ತಿದೆ. ಬಿದ್ದಿದ್ದೀನಿ, ಬಂದು ಎಬ್ಬಿಸು.

ತಮಾಷೆಗೆ ಮಾಡಿದಳೋ, ನಿಜಕ್ಕೂ ಹೇಳಿದಳೋ, ಗೊತ್ತಿಲ್ಲ. ಅವಳ ಮನೆ ತುಂಬ ಜನ, ಅವಳಿಗೇನು ಒಂಟಿತನ ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಕೇಳೋಣವೆಂದರೆ ಕೇಳಿಸುವುದಿಲ್ಲ. ನನಗೆ ಅಳು ಬಂತು. ನಾನೂ ಎರಡು ಬೆರಳು ಸೇರಿಸಿ ಬಿಡಿಸಿ ತೋರಿಸಿದೆ. ಇಬ್ಬರೂ ಒಟ್ಟಿಗೆ ಬಿದ್ದರೆ ಆ ಗೇಮಿನಲ್ಲಿ ಎಬ್ಬಿಸಲು ಯಾರೂ ಇರುವುದಿಲ್ಲ, ಆಟ ಮುಗಿಯುತ್ತದೆ. ಅಕ್ಕ ಅಂಗೈ ಅಡ್ಡ ಹಿಡಿದು ನಿಲ್ಲು ಎಂದಳು, ಮೆಷಿನ್ ತೆಗೆಯಲು ಇನ್ನೊಂದು ಹಸುವಿನ ಕಡೆ ಓಡಿದಳು. ಪರದೆಯ ಮೇಲೆ ಖಾಲಿ ಕಿಟಕಿ, ಹಿಂದೆ ಮೆಷಿನ್ನಿನ ಧಡಕ್ ಧಡಕ್. ಕಾಲ್ ತಾನಾಗಿ ಕಟ್ಟಾಗುವವರೆಗೆ ಕೇಳುತ್ತ ಕೂತಿದ್ದೆ.

ಪಾರ್ಟ್ ತ್ರೀ ಬರುತ್ತದಂತೆ, ಅಭಿಮಾನಿಗಳಿಗೆ ಏನು ಬೇಕೆಂದು ಕಂಪನಿಯವರು ಕೇಳಿದ್ದಾರಂತೆ. ಗ್ರಾಫಿಕ್ಸ್ ಹೇಗಾದರೂ ಇರಲಿ ಮಾರಾಯರೇ, ನಾವಿಬ್ಬರೂ ಆಡುವಷ್ಟು ಹೊತ್ತು ನಮ್ಮಕ್ಕನ ಕೊಟ್ಟಿಗೆ ನೋಡಿಕೊಳ್ಳಲು ನಿಮ್ಮ ಕಡೆಯಿಂದ ಯಾರಾದರೂ ಬರುತ್ತೀರಾ?