ದೇವರ ಕೋಣೆಯಲ್ಲಿಟ್ಟ ಹೊಳೆಯ ನೀರು

ಮೊದಲು ಹೊಟ್ಟೆ ನುಲಿಯಿತು. ಏಳು ತಿಂಗಳ ಬಸುರಿಗೆ ಹೊಟ್ಟೆ ನುಲಿದರೆ ಮನಸ್ಸು ಎಲ್ಲಿಗೆ ಓಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹಿತ್ತಲಿಗೆ ಹೋದೆ. ಬಂದೆ. ಮತ್ತೆ ಹೋದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆ, "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಅಂದರು. ಕುಡಿದೆ. ಕುಡಿದದ್ದಷ್ಟೂ ಒಲೆಯ ಮುಂದೆಯೇ ಹೊರಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ನಿಲ್ಲಲು ಕಾಲಿನಲ್ಲಿ ಕಸುವಿರಲಿಲ್ಲ. ಮೀನಖಂಡಗಳು ಹಿಡಿದುಕೊಂಡವು. ನಾಲಿಗೆ ಅಂಗುಳಕ್ಕೆ ಅಂಟಿತು. ಅದನ್ನೆಲ್ಲ ಹೇಗೋ ತಡೆದುಕೊಂಡೆ.

ಹೊಟ್ಟೆಯೊಳಗೆ ಕೂಸು ಅಲುಗಾಡುವುದನ್ನು ಬಿಟ್ಟಿತ್ತು.

ನಮ್ಮವರು ಸಿಂದಗಿಯ ತಾಲೂಕು ಬೋರ್ಡಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಸುದ್ದಿ ಮುಟ್ಟಿದ ಕೂಡಲೆ ಬೋರ್ಡಿನ ಜೀಪು ತಂದು ನನ್ನನ್ನು ದವಾಖಾನೆಗೆ ಒಯ್ದರು. ಅತ್ತೆ ಹಿಂದೆ ಕೂತು ನನ್ನ ತಲೆಯನ್ನು ತೊಡೆಯ ಮೇಲೆ ಹಿಡಿದಿದ್ದರು. ಡಾಕ್ಟರು ಪಲ್ಸ್ ನೋಡಿದರು. ಚರ್ಮ ಚಿವುಟಿ ನೋಡಿದರು. "ಡಿಹೈಡ್ರೇಶನ್ ಭಾಳ ಆಗೇತಿ. ಸಲಾಯಿನ್ ಹಚ್ರಿ, ಲಗೂನ" ಎಂದು ನರ್ಸಿಗೆ ಕೂಗಿದರು. ಕೈಯಲ್ಲಿ ನರವೇ ಸಿಗಲಿಲ್ಲ. ಸೂಜಿ ಚುಚ್ಚಿದಾಗ ನನಗೆ ನೋವೂ ಆಗಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿದೆ.

ಆಮೇಲೆ ಮರದ ಕೊಳವೆಯೊಂದನ್ನು ನನ್ನ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ನಾನು ಅವರ ಮುಖವನ್ನೇ ನೋಡುತ್ತ ಮಲಗಿದ್ದೆ.

"ಕೇಳಸ್ತೈತಿ. ಆದ್ರ ಭಾಳ ಸಣ್ಣಗ. ಈಗ ಏನೂ ಹೇಳಾಕ ಬರೂದಿಲ್ಲ." ನಂತರ ಅತ್ತೆಯ ಕಡೆ ತಿರುಗಿದರು. "ಏನ್ ಉಣಸೀರಿ, ಏನ್ ಕುಡಸೀರಿ?"

"ಮನೀದ ರೊಟ್ಟಿ, ಪುಂಡಿಪಲ್ಯಾರಿ. ನೀರು ನಮ್ಮ ಬಾಂವೀದ. ನಿನ್ನಿ ಒಂದ್ ವಾಟಿ ತೀರ್ಥಾ ಕೊಟ್ಟೇನಿ, ಅಷ್ಟ."

"ಎಲ್ಲೀ ತೀರ್ಥಾ?"

"ನನ್ನ ಮಗಾನ ತಂದಾನಲ್ರಿ, ಭೀಮಾ ಹೊಳೀದು. ದೇವರ ಮುಂದ ಇಟ್ಟಿದ್ದಾ."

ನಮ್ಮವರು ಗೋಡೆ ಹಿಡಿದುಕೊಂಡರು. "ಅವ್ವಾ, ಅದು ತೀರ್ಥ ಅಲ್ಲಬೇ. ಕಾರ್ಖಾನಿ ಗಟಾರದ ಕೆಳಗ ತುಂಬಿದ್ದದು. ಟೆಸ್ಟಿಗೆ ಬಿಜಾಪುರಕ್ಕ ಕಳಸೂದಿತ್ತು."

ಆಗಿದ್ದು ಇಷ್ಟು. ಆಲಮೇಲದ ಕಡೆ ಹೊಳೆಯ ದಂಡೆಯಲ್ಲಿ ಒಂದು ಖಂಡಸಾರಿ ಸಕ್ಕರೆ ಕಾರ್ಖಾನೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದರೂ ಅದರ ಪಂಪು ನಿಲ್ಲುವುದಿಲ್ಲ. ಎಳೆದುಕೊಂಡದ್ದನ್ನು ಹೊಲಸು ಮಾಡಿ ಹೊಳೆಗೇ ಬಿಡುತ್ತಾರೆ ಎಂದು ಊರವರು ದೂರು ಕೊಟ್ಟರು. ಪಂಪು ಎಷ್ಟು ಹೊತ್ತು ನಡೆಯುತ್ತದೆ, ಹೊಲಸು ನೀರು ಎಲ್ಲಿಗೆ ಹೋಗುತ್ತದೆ, ನೋಡಿಕೊಂಡು ಬನ್ನಿ ಎಂದು ಬೋರ್ಡು ಇವರನ್ನು ಕಳಿಸಿತು. ಮಾಲೀಕರು ಚಹಾ ಕುಡಿಸಿ ಒಂದು ತಗ್ಗು ತೋರಿಸಿ, ಎಲ್ಲ ಇದರಲ್ಲೇ ಇಂಗುತ್ತದೆ ಅಂದರಂತೆ. ಇವರು ಹಿಂದಿನಿಂದ ಸುತ್ತು ಹಾಕಿದಾಗ ಕಾರ್ಖಾನೆಯ ತೊಳೆದ ನೀರು, ಕೂಲಿಯವರ ಗುಡಿಸಲುಗಳ ಹೊಲಸು, ಎಲ್ಲ ಒಂದೇ ಗಟಾರದಲ್ಲಿ ಹೊಳೆಗೆ ಸೇರುತ್ತಿತ್ತು. ತುಸು ಕೆಳಗೆ ಹೋಗಿ ಬಾಟಲಿ ತುಂಬಿದರು. ಕಣ್ಣಿಗೆ ನೀರು ತಿಳಿಯಾಗಿಯೇ ಇತ್ತು.

ನಮ್ಮವರ ಬುದ್ಧಿ ಕಚೇರಿಯಲ್ಲಿ ಚುರುಕು. ಹೊಸ್ತಿಲು ದಾಟಿ ಒಳಗೆ ಬಂದರೆ ಚಪ್ಪಲಿಯ ಜೊತೆ ಅದನ್ನೂ ಹೊರಗೇ ಬಿಟ್ಟು ಬರುತ್ತಾರೆ. ನೀರನ್ನು ತಂಪಿನಲ್ಲಿಡಬೇಕು, ಯಾರೂ ಮುಟ್ಟಬಾರದು. ನಮ್ಮ ಮನೆಯಲ್ಲಿ ಅಂಥ ಜಾಗ ದೇವರ ಕೋಣೆಯೊಂದೇ. ಅಲ್ಲಿಟ್ಟು, ಹೊಳೆಯ ನೀರು ಎಂದಷ್ಟೇ ಅಂದು, ಯಾತಕ್ಕೆಂದು ಯಾರಿಗೂ ಹೇಳದೆ ಮಲಗಿದರು.

ಅತ್ತೆ ಪ್ರತಿ ವರ್ಷ ಪಂಢರಪುರಕ್ಕೆ ನಡೆದು ಹೋಗಿ ಬರುವವರು. ಅಲ್ಲಿ ಇದೇ ಭೀಮೆಗೆ ಚಂದ್ರಭಾಗೆ ಎಂದು ಹೆಸರು. ಎಂದೂ ಕೈಮುಗಿಯದ ಮಗ ಹೊಳೆಗೆ ಹೋಗಿ ನೀರು ತಂದು ವಿಠ್ಠಲನ ಮುಂದೆ ಇಟ್ಟಿದ್ದಾನೆ! ಹಿಗ್ಗಿದರು. ತುಳಸಿ ಹಾಕಿ, ತಾವು ಒಂದು ಗುಟುಕು ಕುಡಿದು, ಸುಸೂತ್ರ ಹಡೆಯಲಿ ಎಂದು ನನಗೆ ವಾಟಿ ತುಂಬ ಕೊಟ್ಟರು. ಏನೋ ವಾಸನೆ ಬರುತ್ತದೆ ಅಂದೆ. "ತೀರ್ಥಾ ಮೂಸಬಾರದು" ಅಂದರು.

ನನಗೆ ಸಿಟ್ಟು ಬಂತು. ಮಲಗಿದಲ್ಲೇ ಗೋಡೆಗೆ ಮುಖ ಮಾಡಿದೆ. ಕೂಸಿಗೇನಾದರೂ ಆದರೆ ಈ ಇಬ್ಬರ ಮುಖವನ್ನೂ ಮತ್ತೆ ನೋಡುವುದಿಲ್ಲ ಎಂದುಕೊಂಡೆ. ಈಗ ಬರೆಯುವಾಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಿಲ್ಲ.

ಸಲಾಯಿನ್ ಬಾಟಲಿ ಖಾಲಿಯಾಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಡಾಕ್ಟರು ಬಂದು ಕಿವಿಗೊಟ್ಟು ಕೇಳಿ ಹೋಗುತ್ತಿದ್ದರು. ಅತ್ತೆ ವಾರ್ಡಿನ ಬಾಗಿಲಲ್ಲೇ ಕೂತಿದ್ದರು. ಆಗಾಗ ಎದ್ದು ಹೋಗುತ್ತಿದ್ದರು. ಅವರಿಗೂ ಭೇದಿ ಹತ್ತಿತ್ತು, ನರ್ಸು ಹೇಳಿದ ಮೇಲೆಯೇ ನನಗೆ ಗೊತ್ತಾಯಿತು. ಗುಳಿಗೆ ಕೊಟ್ಟರೆ, "ನನ್ನದಿರ್ಲಿ, ಅಕೀನ್ನ ನೋಡ್ರಿ" ಅಂದರಂತೆ.

ಮರುದಿನ ಬಿಸಿಲೇರುವಾಗ ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ತಟ್ಟಿತು.

ಉಸಿರು ಬಿಗಿಹಿಡಿದೆ. ಮತ್ತೆ ತಟ್ಟಿತು. ಕೂಗಲು ದನಿಯಿರಲಿಲ್ಲ, ಕೈಸನ್ನೆ ಮಾಡಿದೆ. ಓಡಿ ಬಂದವರು ಅತ್ತೆ. ಹೊಟ್ಟೆ ಮುಟ್ಟಲು ಕೈಚಾಚಿ, ಮುಟ್ಟದೆ ಹಿಂದಕ್ಕೆ ಎಳೆದುಕೊಂಡರು. ಆ ಕೈಯನ್ನು ಹಿಡಿದು ನಾನೇ ಇಟ್ಟುಕೊಂಡೆನೆಂದು ಬರೆದರೆ ಚೆಂದ ಕಾಣುತ್ತದೆ. ಇಟ್ಟುಕೊಳ್ಳಲಿಲ್ಲ.

ನಮ್ಮವರು ಹೋಗಿ ಮತ್ತೆ ನೀರು ತುಂಬಿ, ದಂಡೆಯಿಂದ ನೇರ ಬಿಜಾಪುರಕ್ಕೆ ಒಯ್ದರು. ಬೋರ್ಡು ಕಾರ್ಖಾನೆಗೆ ನೋಟೀಸು ಕೊಟ್ಟಿದೆ. ಪಂಪು ಇನ್ನೂ ನಿಂತಿಲ್ಲವಂತೆ. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ನಾನು ತಾಂಬಾದ ತವರಿಗೆ ಹೋಗಲಿಲ್ಲ. ತಿಂಗಳು ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಅಂಗೈಯಗಲದ ಬೆನ್ನು. ಅತ್ತೆಯೇ ಬಾಣಂತನ ಮಾಡಿದರು.

ಮೊನ್ನೆ ಬಿಸಿಲಿಗೆ ಮಗಳ ತುಟಿ ಒಣಗಿತ್ತು. ನಮ್ಮ ಮನೆಯಲ್ಲಿ ಒಂದು ಕಡ್ಡಿ ಎತ್ತಿಡಲೂ ಯಾರ ಅಪ್ಪಣೆ ಕೇಳದ ಅತ್ತೆ ನನ್ನ ಮುಂದೆ ಬಂದು ನಿಂತರು.

"ಯವ್ವಾ, ಕೂಸಿಗೆ ಎರಡ ಹನಿ ನೀರ ಹಾಕ್ಲೇನ?"

ನಾನು ಕೂಸನ್ನು ತೊಡೆಗೆ ಎಳೆದುಕೊಂಡೆ.

"ನಿನ್ನ ಕಣ್ಮುಂದನ ಕಾಸ್ತೇನಿ. ನೋಡಕೋತ ಕೂಡು."

ಕಾಯಿಸಿದರು. ಆರುವ ತನಕ ಇಬ್ಬರೂ ಆ ಪಾತ್ರೆಯ ಮುಂದೆ ಕೂತಿದ್ದೆವು. ಮೊದಲು ತಾವು ಒಂದು ಗುಟುಕು ಕುಡಿದು, ಬೆರಳು ಅದ್ದಿ, ನನ್ನ ಕಡೆ ನೋಡಿದರು. "ಹಾಕ್ರಿ ಅತ್ತಿ" ಅಂದೆ.

ಮಗಳು ಚಪ್ಪರಿಸಿದಳು. ಇನ್ನೂ ಬೇಕೆಂದು ಬಾಯಿ ತೆರೆದಳು. ಆ ದಿನ ಸಂಜೆಯವರೆಗೂ ನಾವಿಬ್ಬರೂ ಅವಳ ಹೊಟ್ಟೆಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದೆವು.