ಪೆಟ್ಟಿಗೆಯಲ್ಲಿ ಜಾಕೆಟ್ಟಿಗೆ ಜಾಗ

ಬೆಳಿಗ್ಗೆ ಹೊದಿಕೆಗಳನ್ನು ಒಗೆದು ಒಣಹಾಕಿದೆ, ಬೇಳೆ ನೆನೆಸಿದೆ, ತಂಗಿ ಸುಷ್ಮಾಳ ಕೋಟಿಗೆ ಗುಂಡಿ ಹೊಲಿದೆ. ಆಮೇಲೆ ಇಬ್ಬರೂ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ಅವಳ ಫ್ಲ್ಯಾಟಿನ ಎದುರುಮನೆಗೆ ಹೋದೆವು. ಫಿಲಿಪೀನ್ಸಿನ ನರ್ಸ್ ಲೀನಾ ಊರಿಗೆ ಕಳಿಸಲು ತಿಂಗಳುಗಟ್ಟಲೆ ತುಂಬಿದ ರಟ್ಟಿನ ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಸಂಜೆಗೆ ಒಯ್ಯುವ ಗಾಡಿ ಬರುವುದಿತ್ತು. ಮೇಲಿನ ಮನೆಯ ಮಾಲ್ಟಾದ ರೀಟಾ ಅದರ ಮೇಲೇ ಹತ್ತಿ ಕೂತಿದ್ದಳು.

“ಸಂಬಳ ಲೀನಾದೇ ಜಾಸ್ತಿ ಅಕ್ಕ,” ಎಂದಳು ಸುಷ್ಮಾ ಮೆಲ್ಲಗೆ. “ರೀಟಾದು ಕೆಫೇಲಿ ಪಾರ್ಟ್ ಟೈಮ್. ಆದ್ರೆ ಯುರೋಪಿನೋಳೇ ಅಲ್ವಾ, ಅವ್ಳಿಗೆ ವೀಸಾನೇ ಬೇಡ, ಮಗಳನ್ನ ಜೊತೇಲೇ ಕರ್ಕೊಂಡ್ ಬಂದ್ಳು. ಲೀನಾ ಮಗನ ಪರ್ಮಿಟ್ ಇನ್ನೂ ಬಂದಿಲ್ಲ.”

ಪೆಟ್ಟಿಗೆಯಲ್ಲಿ ದಪ್ಪನೆಯ ಚಳಿಗಾಲದ ಜಾಕೆಟ್ ಇತ್ತು. “ಆ ಸೆಕೆಯೂರಿಗೆ ಇದ್ಯಾಕಮ್ಮ? ತೆಗೆದುಬಿಡು,” ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

ಲೀನಾ ಅದನ್ನು ಒತ್ತಿ ಹಿಡಿದಳು. “ಇಲ್ಲ. ಅವನು ಇಲ್ಲಿ ಇಳಿಯೋವಾಗ ಇದನ್ನೇ ಹಾಕ್ಕೊಂಡಿರಬೇಕು.”

ರೀಟಾ ಕೆಳಗಿಳಿದಳು. ಕಾಫಿ, ಚಾಕೊಲೇಟುಗಳನ್ನೆಲ್ಲ ಹೊರಗೆ ತೆಗೆದಿಟ್ಟು, “ಹಾಗಾದ್ರೆ ಇವನ್ನ ಅವನು ಇಲ್ಲೇ ಬಂದು ತಿನ್ನಲಿ,” ಎಂದಳು. ಮುಚ್ಚಳ ಕೂತಿತು. ಗಾಡಿ ಬಂದು ಪೆಟ್ಟಿಗೆ ಹೋಯಿತು.

ನಮ್ಮಲ್ಲೇ ಎಲ್ಲರಿಗೂ ಅನ್ನ, ಸಾರು, ಮೊಟ್ಟೆ ಪಲ್ಯ. ಚಾಕೊಲೇಟನ್ನು ಯಾರೂ ಮುಟ್ಟಲಿಲ್ಲ. ಸೋಫಾದಲ್ಲಿ ರೀಟಾಳ ಭುಜಕ್ಕೆ ಒರಗಿ ಲೀನಾ ಮೊದಲು ನಿದ್ದೆಹೋದಳು.